ಮಂತ್ರಿಗಳ ಪಂಕ್ತಿಯಲ್ಲಿ ಸ್ವಿಫ್ಟ್

ಗಲಿವರನ ಕತೆ ತಿಳಿಯದ ಮನೆ ನಮ್ಮಲ್ಲಿ ವಿರಳ. ಹಡಗು ಒಡೆದು ಈಜಿ ದಡ ಸೇರಿದ ಮನುಷ್ಯನೊಬ್ಬ ನಿದ್ದೆ ತಿಳಿದು ಏಳಹೋದರೆ, ಆರಂಗುಲದ ಜನ ಅವನನ್ನು ತಲೆಗೂದಲು ಸಹಿತ ನೆಲಕ್ಕೆ ಕಟ್ಟಿಹಾಕಿದ್ದಾರೆ. ಈ ಚಿತ್ರವನ್ನು ಮಕ್ಕಳ ಪುಸ್ತಕದ ರಕ್ಷಾಪುಟದಲ್ಲಿ ಕಂಡವರಿಗೆ ಬಹುಮಟ್ಟಿಗೆ ಅಲ್ಲಿಗೇ ಪರಿಚಯ ಮುಗಿಯುತ್ತದೆ. ಮಕ್ಕಳಿಗಾಗಿ ಸಂಗ್ರಹಿಸುವವರು ಮೊದಲು ಕತ್ತರಿ ಹಾಕುವುದು ರಾಜಕಾರಣದ ಭಾಗಕ್ಕೆ. ಅದು ಹೋದ ಮೇಲೆ ಉಳಿಯುವುದು ಬರಿಯ ಗೊಂಬೆಯಾಟ. ಜೊನಾಥನ್ ಸ್ವಿಫ್ಟ್ 1726ರ ಅಕ್ಟೋಬರ್ 28ರಂದು ತನ್ನ ಹೆಸರು ಮರೆಸಿ ಹೊರತಂದ ಆ ಗ್ರಂಥ ಗೊಂಬೆಯಾಟವಲ್ಲ. ಅದರ ಬೆನ್ನ ಹಿಂದೆ ನಾಲ್ಕೇ ವರ್ಷ ಬಾಳಿದ ಒಂದು ಬ್ರಿಟಿಷ್ ಮಂತ್ರಿಮಂಡಲ ನಿಂತಿದೆ. 1710ರ ಆಗಸ್ಟಿನಲ್ಲಿ ಅಧಿಕಾರಕ್ಕೆ ಬಂದು, 1714ರ ಆಗಸ್ಟ್ 1ರಂದು ಆನ್ ರಾಣಿಯ ಉಸಿರಿನೊಡನೆ ಮುಗಿದುಹೋದ ರಾಬರ್ಟ್ ಹಾರ್ಲಿ ಮತ್ತು ಹೆನ್ರಿ ಸೇಂಟ್ ಜಾನ್ ಅವರ ಮಂತ್ರಿಮಂಡಲ ಅದು.

ಈ ಮಂತ್ರಿಮಂಡಲದ ಕತೆಯನ್ನು ಸ್ವಿಫ್ಟ್ ಎರಡು ಬಗೆಯಲ್ಲಿ ಬರೆದ. ಮೊದಲನೆಯದು ಚರಿತ್ರೆ. ಮಂತ್ರಿಗಳು ಇನ್ನೂ ಪದವಿಯಲ್ಲಿದ್ದಾಗಲೇ, 1712-13ರಲ್ಲಿ, ಅವರ ಬೆಂಬಲದಿಂದಲೇ ಬರೆದದ್ದು; ಮುಂದೆ ‘ರಾಣಿಯ ಕೊನೆಯ ನಾಲ್ಕು ವರ್ಷಗಳ ಚರಿತ್ರೆ’ ಎಂಬ ಹೆಸರಿನಲ್ಲಿ ಅಚ್ಚಾಯಿತು. ಎರಡನೆಯದು ಗಲಿವರನ ಪ್ರವಾಸ. ಒಂದರಲ್ಲಿ ಇಸವಿ, ಒಪ್ಪಂದ, ಹೆಸರು ಎಲ್ಲವೂ ನಿಜವಾದವು. ಇನ್ನೊಂದರಲ್ಲಿ ಎಲ್ಲವೂ ಕಟ್ಟುಕತೆ. ಆದರೂ ಆ ನಾಲ್ಕು ವರ್ಷಗಳಲ್ಲಿ ನಡೆದದ್ದೇನೆಂದು ಒಬ್ಬ ಓದುಗನಿಗೆ ತಿಳಿಯಬೇಕಾದರೆ ಕಟ್ಟುಕತೆಯನ್ನೇ ನಂಬಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸ್ವಿಫ್ಟನನ್ನು ಮೆಚ್ಚುವ ವಿಮರ್ಶಕರು ಅವನ ಚರಿತ್ರೆಯನ್ನು ಮೌನವಾಗಿ ದಾಟಿಬಿಡುತ್ತಾರೆ. ಹಾಗೆ ದಾಟಿದರೆ ಗಲಿವರನ ಮುಕ್ಕಾಲು ಸ್ವಾರಸ್ಯ ಕೈತಪ್ಪುತ್ತದೆ.

ಆ ಕಾಲದ ಮಂತ್ರಿಮಂಡಲವೆಂದರೆ ಇಂದು ನಾವು ತಿಳಿದ ಮಂತ್ರಿಮಂಡಲವಲ್ಲ. ಪ್ರಧಾನಮಂತ್ರಿ ಎಂಬ ಹುದ್ದೆಯೇ ಇರಲಿಲ್ಲ. ರಾಣಿ ಕರೆದವರು ಮಂತ್ರಿಗಳು, ರಾಣಿ ಸಾಕೆಂದರೆ ಮನೆಗೆ. ಆದರೆ ಯುದ್ಧಕ್ಕೆ ಹಣ ಕೊಡಬೇಕಾದದ್ದು ಪಾರ್ಲಿಮೆಂಟು. ಹೀಗಾಗಿ ಒಂದು ಕಾಲನ್ನು ಅರಮನೆಯಲ್ಲೂ ಇನ್ನೊಂದನ್ನು ಕಾಮನ್ಸ್ ಸಭೆಯಲ್ಲೂ ಊರಿ ನಿಲ್ಲಬಲ್ಲವನೇ ಮುಂದಾಳು. 1710ರವರೆಗೆ ಹಾಗೆ ನಿಂತಿದ್ದವನು ಖಜಾನೆಯ ಒಡೆಯ ಗಾಡಾಲ್ಫಿನ್. (ಭಾರತದ ವ್ಯಾಪಾರಕ್ಕಾಗಿ ಕಚ್ಚಾಡುತ್ತಿದ್ದ ಎರಡು ಈಸ್ಟ್ ಇಂಡಿಯಾ ಕಂಪೆನಿಗಳ ನಡುವೆ 1708ರಲ್ಲಿ ಪಂಚಾಯಿತಿ ಮಾಡಿ, ಮರುವರ್ಷ ಅವು ಒಂದಾಗುವಂತೆ ಮಾಡಿದವನೂ ಇವನೇ. ನಮ್ಮ ದೇಶದ ಪಾಲಿಗೆ ಆ ಪಂಚಾಯಿತಿಯ ಫಲ ಏನಾಯಿತೆಂಬುದು ಬೇರೆ ಕತೆ.) ಅವನ ಜೊತೆಗಾರ ಸೇನಾಪತಿ ಮಾರ್ಲ್‌ಬರೊ. ಸ್ಪೇನಿನ ಸಿಂಹಾಸನಕ್ಕಾಗಿ ಫ್ರಾನ್ಸಿನೊಡನೆ ಹೂಡಿದ ಯುದ್ಧದಲ್ಲಿ ಅವನು 1704ರಲ್ಲಿ ಬ್ಲೆನ್‌ಹೈಮಿನಲ್ಲಿ ಗೆದ್ದ, 1706ರಲ್ಲಿ ರಾಮಿಯಿಯಲ್ಲಿ ಗೆದ್ದ, 1708ರಲ್ಲಿ ಔಡೆನಾರ್ಡಿನಲ್ಲಿ ಗೆದ್ದ. 1709ರಲ್ಲಿ ಮಾಲ್ಪ್ಲಾಕೆಯಲ್ಲೂ ಗೆದ್ದ. ಆದರೆ ಆ ಒಂದು ದಿನದ ಗೆಲುವಿಗೆ ಅವನ ಪಕ್ಷದ ಸೇನೆ ತೆತ್ತ ಸಾವುನೋವು ಇಪ್ಪತ್ತು ಸಾವಿರಕ್ಕೂ ಮಿಕ್ಕಿತ್ತು. ಗೆಲುವು ಬರುತ್ತಲೇ ಇತ್ತು, ಶಾಂತಿ ಮಾತ್ರ ಬರಲೊಲ್ಲದು. ಜಮೀನಿನ ಮೇಲೆ ಪೌಂಡಿಗೆ ನಾಲ್ಕು ಷಿಲಿಂಗ್ ತೆರಿಗೆ, ಎಂದರೆ ಹುಟ್ಟುವಳಿಯ ಐದನೆಯ ಒಂದು ಪಾಲು. ತೆರಿಗೆ ಕೊಡುವವರು ಟೋರಿ ಪಕ್ಷದ ಹಳ್ಳಿಯ ಜಮೀನುದಾರರು. ಸಾಲ ಕೊಟ್ಟು ಬಡ್ಡಿ ಎಣಿಸುವವರು ವಿಗ್ ಪಕ್ಷದ ಲಂಡನ್ ಸಾಹುಕಾರರು. ಈ ಉರಿಗೆ ರಾಣಿಯ ಬೇಸರವೂ ಕೂಡಿತು. ಆಗಸ್ಟಿನಲ್ಲಿ ಗಾಡಾಲ್ಫಿನ್ ಮನೆಗೆ ಹೋದ. ಅಕ್ಟೋಬರಿನ ಚುನಾವಣೆಯಲ್ಲಿ ಟೋರಿಗಳು ತುಂಬಿ ಬಂದರು. ಹಾರ್ಲಿ ಹಣಕಾಸನ್ನೂ ಸೇಂಟ್ ಜಾನ್ ಕಾರ್ಯದರ್ಶಿ ಪದವಿಯನ್ನೂ ಹಿಡಿದರು.

ಸರಿಯಾಗಿ ಆ ಸೆಪ್ಟೆಂಬರಿನಲ್ಲಿ ಸ್ವಿಫ್ಟ್ ಡಬ್ಲಿನ್ನಿನಿಂದ ಲಂಡನ್ನಿಗೆ ಬಂದಿಳಿದ. ಬಂದದ್ದು ಐರ್ಲೆಂಡಿನ ಚರ್ಚಿನ ಪರವಾಗಿ, ಪಾದ್ರಿಗಳು ಸರ್ಕಾರಕ್ಕೆ ಕಟ್ಟುತ್ತಿದ್ದ ಒಂದು ಕಂದಾಯವನ್ನು ಬಿಡಿಸಿಕೊಳ್ಳಲು. ಸಣ್ಣ ಕೆಲಸ. ಆಗ ಅವನಿಗೆ ನಲವತ್ತಮೂರು ವರ್ಷ ಸಮೀಪಿಸಿತ್ತು. ಆ ವರ್ಷದಿಂದ 1713ರವರೆಗೆ ಅವನು ಡಬ್ಲಿನ್ನಿನ ಇಬ್ಬರು ಗೆಳತಿಯರಿಗೆ, ಎಸ್ತರ್ ಜಾನ್ಸನ್ ಮತ್ತು ರೆಬೆಕಾ ಡಿಂಗ್ಲಿಯರಿಗೆ, ದಿನಚರಿಯಂತೆ ಬರೆದು ಕಳುಹಿಸಿದ 65 ಕಾಗದಗಳು ಉಳಿದುಕೊಂಡಿವೆ. ‘ಸ್ಟೆಲ್ಲಾಳಿಗೆ ಬರೆದ ದಿನಚರಿ’ ಎಂದು ಅವಕ್ಕೆ ಹೆಸರು. ಊರು ಬಿಟ್ಟು ದೊಡ್ಡ ನಗರದಲ್ಲಿ ಬಾಡಿಗೆಗೆ ನಿಂತವರು ಇದನ್ನು ಓದಿದರೆ ನಗದೆ ಇರಲಾರರು. ಬರಿ ಬೀದಿಯಲ್ಲಿ ಊಟದ ಕೋಣೆ, ಮಲಗುವ ಕೋಣೆ ಸೇರಿ ವಾರಕ್ಕೆ ಎಂಟು ಷಿಲಿಂಗ್ ಬಾಡಿಗೆ, ದುಬಾರಿಯೆಂದು ಗೊಣಗಾಟ. ಮಲಗುವ ಮುನ್ನ ಒಲೆಯಿಂದ ಕಲ್ಲಿದ್ದಲನ್ನು ಹೆಕ್ಕಿ ತೆಗೆದಿಟ್ಟು ಮಾಡಿದ ಉಳಿತಾಯದ ಲೆಕ್ಕ. ಊಟಕ್ಕೆ ಮಾತ್ರ ಖರ್ಚಿಲ್ಲ, ಏಕೆಂದರೆ ಊಟ ದಿನವೂ ಯಾರಾದರೊಬ್ಬ ದೊಡ್ಡವರ ಮನೆಯಲ್ಲಿ!

ಆ ಊಟವೇ ಇಲ್ಲಿನ ಮುಖ್ಯ ಸಂಗತಿ. ಅಕ್ಟೋಬರಿನಲ್ಲಿ ಹಾರ್ಲಿಯ ಪರಿಚಯವಾಯಿತು. ವಿಗ್ ನಾಯಕರು ವರ್ಷಗಟ್ಟಲೆ ತಳ್ಳುತ್ತ ಬಂದಿದ್ದ ಕಂದಾಯದ ಕೆಲಸಕ್ಕೆ ಹಾರ್ಲಿ ಕೆಲವೇ ದಿನಗಳಲ್ಲಿ ದಾರಿ ಮಾಡಿಕೊಟ್ಟ. ನವೆಂಬರಿನಿಂದ ಸ್ವಿಫ್ಟ್ ಮಂತ್ರಿಗಳ ಪತ್ರಿಕೆ ‘ಎಗ್ಸಾಮಿನರ್’ ಬರೆಯತೊಡಗಿದ. ಮರುವರ್ಷದ ಆರಂಭದ ವೇಳೆಗೆ ಹಾರ್ಲಿಯ ಮನೆಯ ಶನಿವಾರದ ಊಟಕ್ಕೆ ಅವನಿಗೆ ಕರೆ ಬಂತು. ಸೇಂಟ್ ಜಾನ್, ನ್ಯಾಯಾಧಿಪತಿ ಹಾರ್ಕೋರ್ಟ್, ಲಾರ್ಡ್ ರಿವರ್ಸ್, ಮತ್ತೆ ಈ ಪಾದ್ರಿ. ಹಳ್ಳಿಯ ಚರ್ಚಿನ ಪಾದ್ರಿಗೆ ರಾಜ್ಯವಾಳುವವರ ಪಂಕ್ತಿಯಲ್ಲಿ ಎಲೆ ಬಿತ್ತು.

ಹಾರ್ಲಿ ಒಮ್ಮೆ ಅವನಿಗೆ 50 ಪೌಂಡಿನ ನೋಟು ಕೊಡಲು ಹೋಗಿ ಪೇಚಿಗೆ ಸಿಕ್ಕಿದ. ತಾನು ಕೂಲಿ ಬರಹಗಾರನಲ್ಲವೆಂದು ಸ್ವಿಫ್ಟ್ ಸಿಟ್ಟಾಗಿ ಅದನ್ನು ಹಿಂದಿರುಗಿಸಿದ. ಕೆಲವು ದಿನ ಮಾತೂ ಬಿಟ್ಟ. ಮಂತ್ರಿಯೇ ಸಮಾಧಾನ ಮಾಡಬೇಕಾಯಿತು. ಮುಂದೊಂದು ದಿನ ಸೇಂಟ್ ಜಾನ್ ಮೋರೆ ಗಂಟುಹಾಕಿಕೊಂಡಿದ್ದನ್ನು ಕಂಡು, ತನ್ನನ್ನು ಶಾಲೆಯ ಹುಡುಗನಂತೆ ನಡೆಸಿಕೊಂಡರೆ ಸಹಿಸುವುದಿಲ್ಲವೆಂದು ಎಚ್ಚರಿಸಿದ. ಈ ಪ್ರಸಂಗಗಳನ್ನು ಲೇಖಕನ ಸ್ವಾಭಿಮಾನಕ್ಕೆ ನಿದರ್ಶನವೆಂದು ಜೀವನಚರಿತ್ರಕಾರರು ಕೊಂಡಾಡುವುದುಂಟು. ನನಗೆ ಹಾಗೆ ತೋರುವುದಿಲ್ಲ. ಅದೇ ಹಾರ್ಲಿಯ ಬಳಿ ಡೇನಿಯಲ್ ಡೀಫೋ ಹಣ ಪಡೆದು ಬರೆಯುತ್ತಿದ್ದ, ಗೂಢಚಾರಿಕೆಯನ್ನೂ ಮಾಡುತ್ತಿದ್ದ. ಹಣ ಪಡೆದವನಿಗೆ ತಾನು ಯಾರ ಆಳು ಎಂಬುದು ಗೊತ್ತಿರುತ್ತದೆ. ಸ್ನೇಹವೇ ಸಂಬಳವಾದವನಿಗೆ ಅದು ಗೊತ್ತಾಗುವುದಿಲ್ಲ. 50 ಪೌಂಡಿಗೆ ಬಗ್ಗದ ಮನುಷ್ಯ ಶನಿವಾರದ ಊಟಕ್ಕೆ ಸಂಪೂರ್ಣವಾಗಿ ಬಗ್ಗಿದ.

ಆದರೂ ಆ ಮಂತ್ರಿಗಳು ಸಾಮಾನ್ಯರಲ್ಲವೆಂಬುದನ್ನು ಒಪ್ಪಬೇಕು. ಹಾರ್ಲಿ ಪುಸ್ತಕಪ್ರೇಮಿ, ಮೃದುಭಾಷಿ, ಯಾರ ಕೈಗೂ ಸಿಗದ ಗುಟ್ಟಿನ ಮನುಷ್ಯ. ಇವತ್ತಿನ ಕೆಲಸವನ್ನು ನಾಳೆಗೆ, ನಾಳೆಯದನ್ನು ನಾಡಿದ್ದಿಗೆ ದೂಡುವುದರಲ್ಲಿ ನಿಪುಣ. ಅವನ ಸಾಧು ಸ್ವಭಾವವನ್ನು ಕಂಡು ಗೆಳೆಯರು ವ್ಯಂಗ್ಯವಾಗಿ ಇಟ್ಟ ಅಡ್ಡಹೆಸರು ‘ಡ್ರ್ಯಾಗನ್’. 1711ರ ಮಾರ್ಚ್ 8ರಂದು ವಿಚಾರಣೆಗೆ ಕರೆತಂದಿದ್ದ ಗಿಸ್ಕಾರ್ ಎಂಬ ಫ್ರೆಂಚ್ ಗೂಢಚಾರ ಮಂತ್ರಿಗಳ ಸಭೆಯಲ್ಲೇ ಚಾಕುವಿನಿಂದ ಅವನ ಎದೆಗೆ ಇರಿದ. ಚಾಕುವಿನ ಅಲಗು ಮೂಳೆಗೆ ತಾಗಿ ಮುರಿದದ್ದರಿಂದ ಹಾರ್ಲಿ ಉಳಿದ. ಉಳಿದವನಿಗೆ ಜನಪ್ರಿಯತೆಯೂ ಬಂತು, ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನ ಅರ್ಲ್ ಪದವಿಯೂ ಖಜಾನೆಯ ಒಡೆತನವೂ ಬಂದವು. ಸೇಂಟ್ ಜಾನ್ ಇದಕ್ಕೆ ತೀರ ಬೇರೆ. ಹಾರ್ಲಿಗಿಂತ ಹದಿನೇಳು ವರ್ಷ ಚಿಕ್ಕವನು. ಮಾತುಗಾರ, ಚುರುಕು, ಕುಡಿತ ಮತ್ತು ಹೆಣ್ಣುಗಳ ವಿಷಯದಲ್ಲಿ ಊರೆಲ್ಲ ಹೆಸರಾದವನು. 1712ರಲ್ಲಿ ತನಗೂ ಅರ್ಲ್ ಪದವಿ ಬೇಕೆಂದು ಕೇಳಿ, ಅದಕ್ಕಿಂತ ಕೆಳಗಿನ ವೈಕೌಂಟ್ ಬೋಲಿಂಗ್‌ಬ್ರೋಕ್ ಎಂಬ ಬಿರುದು ಪಡೆದು, ಆ ಅವಮಾನವನ್ನು ಜೀವಮಾನವೆಲ್ಲ ಮರೆಯಲಿಲ್ಲ. ರಾಜ್ಯದ ಎರಡು ದೊಡ್ಡ ಹುದ್ದೆಗಳಲ್ಲಿದ್ದ ಇಬ್ಬರ ನಡುವೆ ಬಿರುಕು ಬಿಟ್ಟದ್ದು ಶಾಂತಿ ಒಪ್ಪಂದದ ಷರತ್ತುಗಳಿಂದಲ್ಲ, ಬಿರುದಿನ ಒಂದು ಮೆಟ್ಟಿಲಿನಿಂದ ಎಂದರೂ ತಪ್ಪಾಗದು.

ಇವರ ಮುಖ್ಯ ಸಾಧನೆ ಯುದ್ಧವನ್ನು ನಿಲ್ಲಿಸಿದ್ದು. ಅದಕ್ಕೆ ನೆಲ ಹದಮಾಡಿದ್ದು ಸ್ವಿಫ್ಟನ ಲೇಖನಿ. 1711ರ ನವೆಂಬರಿನಲ್ಲಿ ಹೊರಬಂದ ‘ಮಿತ್ರರಾಷ್ಟ್ರಗಳ ನಡವಳಿಕೆ’ ಎಂಬ ಅವನ ಕಿರುಹೊತ್ತಗೆ ಜನವರಿ ಮುಗಿಯುವುದರೊಳಗೆ 11,000 ಪ್ರತಿ ಮಾರಾಟವಾಯಿತು. ಆ ಕಾಲಕ್ಕೆ ಅದು ಬೆರಗಾಗುವ ಸಂಖ್ಯೆ. ಡಚ್ಚರು ಒಪ್ಪಿದಷ್ಟು ಸೈನ್ಯ ಕೊಡಲಿಲ್ಲ, ಆಸ್ಟ್ರಿಯ ಕೊಡಲಿಲ್ಲ, ಬ್ರಿಟನ್ ಮಾತ್ರ ಕೈಮೀರಿ ತೆತ್ತಿತು. ಯುದ್ಧ ಮುಂದುವರಿಯುತ್ತಿರುವುದು ಮಾರ್ಲ್‌ಬರೊ ಮನೆತನದ ಮತ್ತು ಬಡ್ಡಿ ಸಾಹುಕಾರರ ಲಾಭಕ್ಕಾಗಿ ಎಂಬುದು ವಾದ. ಅಲಂಕಾರವಿಲ್ಲದ ಗದ್ಯ, ಲೆಕ್ಕದ ಮೇಲೆ ಲೆಕ್ಕ. ಬರವಣಿಗೆಯ ದೃಷ್ಟಿಯಿಂದ ಇಂದಿಗೂ ಕಲಿಯುವಂಥದು. ಆದರೆ ಮಿತ್ರರು ಮಾತಿಗೆ ತಪ್ಪಿದರೆಂದು ಅದು ಗುಡುಗುವ ಹೊತ್ತಿಗಾಗಲೇ ಹಾರ್ಲಿ, ಸೇಂಟ್ ಜಾನರು ಮಿತ್ರರ ಬೆನ್ನ ಹಿಂದೆ ಫ್ರಾನ್ಸಿನೊಡನೆ ಕುಳಿತು ಬ್ರಿಟನ್ನಿನ ಪಾಲಿನ ಲಾಭಗಳನ್ನು ಗೊತ್ತುಮಾಡಿಕೊಂಡಿದ್ದರು. 1712ರ ಮೇ ತಿಂಗಳಲ್ಲಿ ಮತ್ತೂ ಒಂದು ಹೆಜ್ಜೆ ಮುಂದೆ ಹೋದರು. ಮಾರ್ಲ್‌ಬರೊನ ಸ್ಥಾನಕ್ಕೆ ಬಂದಿದ್ದ ಆರ್ಮಂಡನಿಗೆ, ಮುತ್ತಿಗೆ ಹಾಕಬೇಡ, ಕಾಳಗ ಮಾಡಬೇಡ ಎಂಬ ಗುಪ್ತ ಆಜ್ಞೆ ಹೋಯಿತು. ಶತ್ರುವಾದ ಫ್ರಾನ್ಸಿಗೆ ಈ ಸುದ್ದಿ ತಿಳಿಸಲಾಯಿತು, ಜೊತೆಗೆ ನಿಂತು ಹೋರಾಡುತ್ತಿದ್ದ ಡಚ್ಚರಿಗೆ ತಿಳಿಸಲಿಲ್ಲ. ಜುಲೈನಲ್ಲಿ ದೆನೈನ್ ಎಂಬಲ್ಲಿ ಫ್ರೆಂಚರು ಮಿತ್ರಸೇನೆಯನ್ನು ಬಡಿದರು. 1713ರ ಏಪ್ರಿಲಿನಲ್ಲಿ ಉಟ್ರೆಕ್ಟ್ ನಗರದಲ್ಲಿ ಶಾಂತಿಗೆ ಸಹಿ ಬಿತ್ತು. ಜಿಬ್ರಾಲ್ಟರ್, ಮಿನೋರ್ಕ, ನ್ಯೂಫೌಂಡ್‌ಲೆಂಡ್, ನೋವಾ ಸ್ಕೋಷಿಯಗಳು ಬ್ರಿಟನ್ನಿಗೆ ಬಂದವು. ಸ್ಪೇನಿನ ಅಮೆರಿಕಕ್ಕೆ ಮೂವತ್ತು ವರ್ಷ ಕಾಲ ವರ್ಷಕ್ಕೆ 4,800 ಆಫ್ರಿಕನ್ ಗುಲಾಮರನ್ನು ಸಾಗಿಸುವ ಗುತ್ತಿಗೆಯೂ ಬಂತು. ಅದು ಹಾರ್ಲಿ 1711ರಲ್ಲಿ ಸರ್ಕಾರದ ಸಾಲ ತೀರಿಸಲೆಂದು ಕಟ್ಟಿದ ಸೌತ್ ಸೀ ಕಂಪೆನಿಯ ಪಾಲಾಯಿತು. ಯುದ್ಧ ನಿಲ್ಲಬೇಕಾಗಿತ್ತು ನಿಜ. ನಿಲ್ಲಿಸಿದ ರೀತಿ ಮಾತ್ರ ಹೀಗೆ.

ಇದೆಲ್ಲವನ್ನೂ ಹತ್ತಿರದಿಂದ ಕಂಡವನು ಬರೆದ ಚರಿತ್ರೆ ಹೇಗಿರಬೇಕಿತ್ತು! ಓದಿದರೆ ನಿರಾಸೆ. ತೆರೆದ ಕೂಡಲೇ ವಿಗ್ ನಾಯಕರ ವ್ಯಕ್ತಿಚಿತ್ರಗಳ ಸಾಲು. ಅವು ಹರಿತವಾಗಿವೆ, ಆದರೆ ವಕೀಲನ ಹರಿತ. ಆಮೇಲೆ ಪಾರ್ಲಿಮೆಂಟಿನ ಕಡತಗಳಿಂದ ಇಡಿಯಾಗಿ ಎತ್ತಿ ಹಾಕಿದ ಪುಟಗಳು, ಸಂಧಾನದ ವರದಿಗಳು. ಸ್ವಿಫ್ಟನ ಲೇಖನಿಯಿಂದ ಬಂದದ್ದೇ ಇದು ಎಂದು ಅನುಮಾನವಾಗುವಷ್ಟು ಜಡ. ಇದರ ಕಾರಣ ಪ್ರತಿಭೆಯ ಕೊರತೆಯಲ್ಲ. ತನಗೆ ಎಲ್ಲವೂ ಗೊತ್ತು ಎಂಬ ನಂಬಿಕೆಯಿಂದ ಅವನು ಬರೆದ. ನಿಜದಲ್ಲಿ ಅವನಿಗೆ ಗೊತ್ತಿದ್ದದ್ದು ಊಟದ ಮೇಜಿನ ಮೇಲೆ ಬಡಿಸಿದಷ್ಟು. ಮಂತ್ರಿಗಳು ಗಡೀಪಾರಾದ ಸ್ಟೂಅರ್ಟ್ ರಾಜಕುಮಾರನನ್ನು ಕರೆತರುವ ಸಂಚಿನಲ್ಲಿದ್ದರೆಂಬ ಆರೋಪವನ್ನು ಸ್ವಿಫ್ಟ್ ಮುಂದೆ ವರ್ಷಗಟ್ಟಲೆ ಆಣೆಯಿಟ್ಟು ಅಲ್ಲಗಳೆದ; ಅದಕ್ಕಾಗಿಯೇ ಇನ್ನೊಂದು ಪ್ರಬಂಧವನ್ನೂ ಬರೆದಿಟ್ಟ. ಆದರೆ 1714ರ ಆರಂಭದಲ್ಲಿ ಹಾರ್ಲಿಯೂ ಬೋಲಿಂಗ್‌ಬ್ರೋಕನೂ ಫ್ರೆಂಚ್ ದೂತನ ಮೂಲಕ ಆ ರಾಜಕುಮಾರನಿಗೆ, ಕ್ಯಾಥೊಲಿಕ್ ಮತ ಬಿಟ್ಟರೆ ಸಿಂಹಾಸನದ ದಾರಿ ಸುಗಮವಾಗುತ್ತದೆಂದು ಹೇಳಿಕಳುಹಿಸಿದ್ದರು, ಅವನು ಒಪ್ಪಲಿಲ್ಲ. ಸ್ವಿಫ್ಟ್ ಸುಳ್ಳು ಹೇಳಲಿಲ್ಲ. ಅವನಿಗೆ ಹೇಳಿರಲಿಲ್ಲ, ಅಷ್ಟೇ.

ಕೊನೆಯ ವರ್ಷವಂತೂ ಜಗಳದಲ್ಲೇ ಕಳೆಯಿತು. ಇಬ್ಬರನ್ನೂ ಒಂದುಗೂಡಿಸಲು ಹೆಣಗಿ ಸೋತ ಸ್ವಿಫ್ಟ್ 1714ರ ಮೇ ಕೊನೆಗೆ ಲಂಡನ್ ಬಿಟ್ಟು ಬರ್ಕ್‌ಷೈರಿನ ಹಳ್ಳಿಯೊಂದನ್ನು ಸೇರಿದ. ಜುಲೈ 27ರಂದು ರಾಣಿ ಹಾರ್ಲಿಯನ್ನು ಕಿತ್ತುಹಾಕಿದಳು. ಹೇಳಿದ ಸಮಯಕ್ಕೆ ಬರುವುದಿಲ್ಲ, ಬಂದರೆ ಕುಡಿದಿರುತ್ತಾನೆ, ಮಾತು ಅರ್ಥವಾಗುವುದಿಲ್ಲ ಎಂಬುವು ಅವಳು ಕೊಟ್ಟ ಕಾರಣಗಳಲ್ಲಿ ಕೆಲವು. ಬೋಲಿಂಗ್‌ಬ್ರೋಕನ ಕೈಗೆ ಅಧಿಕಾರ ಬಂದೀತೆನ್ನುವಷ್ಟರಲ್ಲಿ, ಐದೇ ದಿನಗಳಲ್ಲಿ ರಾಣಿಯೇ ತೀರಿಕೊಂಡಳು. ಜರ್ಮನಿಯಿಂದ ಹೊಸ ರಾಜ ಬಂದ, ವಿಗ್ಗರು ಬಂದರು. ಬೋಲಿಂಗ್‌ಬ್ರೋಕ್ 1715ರ ಮಾರ್ಚಿನಲ್ಲಿ ವೇಷ ಮರೆಸಿಕೊಂಡು ಫ್ರಾನ್ಸಿಗೆ ಓಡಿದ. ಹಾರ್ಲಿ ಓಡಲಿಲ್ಲ. ರಾಜದ್ರೋಹದ ಮಹಾಭಿಯೋಗ ಹೊತ್ತು ಲಂಡನ್ ಗೋಪುರದ ಸೆರೆಯಲ್ಲಿ ಎರಡು ವರ್ಷ ಕುಳಿತ, 1717ರಲ್ಲಿ ಬಿಡುಗಡೆಯಾಯಿತು. ಅವನು ಸೆರೆ ಸೇರಿದಾಗ ಸ್ವಿಫ್ಟ್ ಡಬ್ಲಿನ್ನಿನಿಂದ ಕಾಗದ ಬರೆದು, ತಾನು ಬಂದು ಜೊತೆಯಲ್ಲಿರಲು ಅನುಮತಿ ಕೇಳಿದ. ಅಧಿಕಾರದಲ್ಲಿದ್ದಾಗ ಕೂಡಿ ಉಂಡವರಲ್ಲಿ ಹೀಗೆ ಕೇಳುವವರು ಎಷ್ಟು ಮಂದಿ? ಅವನ ವಿವೇಕವನ್ನು ಪ್ರಶ್ನಿಸಬಹುದು, ಹೃದಯವನ್ನಲ್ಲ.

ಈಗ ಲಿಲಿಪುಟ್ಟಿಗೆ ಬರೋಣ. 1919ರಲ್ಲಿ ಸರ್ ಚಾರ್ಲ್ಸ್ ಫರ್ತ್ ಇದರ ರಾಜಕೀಯಾರ್ಥವನ್ನು ಕುರಿತು ಒಂದು ಉಪನ್ಯಾಸ ಮಾಡಿದಂದಿನಿಂದ ಯಾರು ಯಾರೆಂದು ಗುರುತಿಸುವ ಆಟ ನಡೆದಿದೆ. 1945ರಲ್ಲಿ ಆರ್ಥರ್ ಕೇಸ್, ಲಿಲಿಪುಟ್ಟಿನ ಗಲಿವರನೆಂದರೆ ಹಾರ್ಲಿ ಮತ್ತು ಬೋಲಿಂಗ್‌ಬ್ರೋಕ್ ಇಬ್ಬರೂ ಸೇರಿದ ವ್ಯಕ್ತಿ ಎಂದು ವಾದಿಸಿದ. ಆಟವನ್ನು ಅತಿಯಾಗಿ ಆಡಬಾರದೆಂದು 1980ರಲ್ಲಿ ಎಫ್. ಪಿ. ಲಾಕ್ ತಕರಾರು ತೆಗೆದ. ತಕರಾರು ಸರಿಯೇ. ಆದರೂ ಕತೆಯ ಹಂದರವನ್ನು ನೋಡಿದರೆ ಕೇಸನ ಮಾತನ್ನು ತಳ್ಳಿಹಾಕುವುದು ಕಷ್ಟ. ನೆರೆಯ ದ್ವೀಪವಾದ ಬ್ಲೆಫಸ್ಕುವಿನೊಡನೆ ಲಿಲಿಪುಟ್ಟಿಗೆ ಬಹುಕಾಲದ ಯುದ್ಧ. ಮೊಟ್ಟೆಯನ್ನು ಯಾವ ತುದಿಯಲ್ಲಿ ಒಡೆಯಬೇಕೆಂಬುದೇ ಅದರ ಮೂಲ. ಗಲಿವರ್ ಕಡಲಲ್ಲಿ ನಡೆದುಹೋಗಿ ಶತ್ರುವಿನ ಐವತ್ತು ಹಡಗುಗಳನ್ನು ಹಗ್ಗ ಕಟ್ಟಿ ಎಳೆದು ತರುತ್ತಾನೆ. ಅಷ್ಟಕ್ಕೆ ತೃಪ್ತಿಯಾಗದ ಚಕ್ರವರ್ತಿ ಆ ದೇಶವನ್ನೇ ನುಂಗಬೇಕೆಂದಾಗ ಗಲಿವರ್ ಒಲ್ಲೆನೆನ್ನುತ್ತಾನೆ. ಶಾಂತಿಗೆ ಬಂದ ದೂತರಿಗೆ ನೆರವಾಗುತ್ತಾನೆ. ಅರಮನೆಗೆ ಬೆಂಕಿ ಬಿದ್ದಾಗ ಬೇರೆ ನೀರು ಸಿಗದೆ ಮೂತ್ರದಿಂದ ಆರಿಸುತ್ತಾನೆ. ಮಕ್ಕಳ ಪುಸ್ತಕಗಳು ಈ ಪ್ರಸಂಗವನ್ನು ಬಿಡುವುದು ಸಹಜವೇ, ಆದರೆ ಉಟ್ರೆಕ್ಟ್ ಶಾಂತಿಯ ರೂಪಕವೆಂದು ಹಲವರು ಓದಿರುವುದು ಇದನ್ನೇ: ಕೊಳಕು ಉಪಾಯ, ಬೆಂಕಿ ಆರಿದ್ದು ನಿಜ. ಕೊನೆಗೆ ಇವೇ ಅವನ ಮೇಲಿನ ಆರೋಪಪಟ್ಟಿಯ ಕಲಮುಗಳಾಗುತ್ತವೆ. ಮರಣದಂಡನೆಯ ಬದಲು ಕಣ್ಣು ಕಿತ್ತರೆ ಸಾಕೆಂದು ಮಿತ್ರನೊಬ್ಬ ದಯೆಯಿಂದ ಸೂಚಿಸುತ್ತಾನೆ! ಚಕ್ರವರ್ತಿಯ ಕರುಣೆಯನ್ನು ಹೊಗಳುವ ಘೋಷಣೆ ಹೊರಟಾಗಲೆಲ್ಲ ಪ್ರಜೆಗಳು ನಡುಗುತ್ತಿದ್ದರೆಂಬ ಮಾತು ಇಲ್ಲಿ ಬರುತ್ತದೆ. ಇಡೀ ಮೊದಲ ಭಾಗದಲ್ಲಿ ಇದಕ್ಕಿಂತ ಹರಿತವಾದ ಜಾಗ ಇನ್ನೊಂದಿಲ್ಲ.

ಇಲ್ಲಿಯವರೆಗೆ ಸ್ವಿಫ್ಟ್ ಇನ್ನೂ ವಕೀಲನೇ. ತನ್ನ ಮಿತ್ರರು ದೈತ್ಯರು, ಅವರನ್ನು ಹಣಿದವರು ಗೇಣು ಮನುಷ್ಯರು ಎಂಬ ಭಾವನೆ ಇದರಲ್ಲಿ ಸ್ಪಷ್ಟ. ಮೊದಲ ಭಾಗದ ಮಿತಿಯೂ ಇದೇ. ಆದರೆ ಕಲೆ ಒಡೆಯನ ಮಾತು ಕೇಳುವುದಿಲ್ಲ. ಹಗ್ಗದ ಮೇಲೆ ಕುಣಿದು ಮಂತ್ರಿಪದವಿ ಗಳಿಸುವ ಪ್ರಸಂಗ ನೋಡಿ. ಎಲ್ಲರಿಗಿಂತ ಎತ್ತರಕ್ಕೆ ನೆಗೆಯುವ ಖಜಾನೆಯ ಮಂತ್ರಿ ಫ್ಲಿಮ್‌ನ್ಯಾಪ್ 1721ರಿಂದ ಆಳುತ್ತಿದ್ದ ರಾಬರ್ಟ್ ವಾಲ್ಪೋಲನೇ ಎಂಬುದರಲ್ಲಿ ಅನುಮಾನವಿಲ್ಲ. ಹಾರ್ಲಿಯ ಕಾಲದಲ್ಲಿ, 1712ರ ಜನವರಿಯಲ್ಲಿ, ಲಂಚದ ಆರೋಪದ ಮೇಲೆ ಗೋಪುರದ ಸೆರೆ ಕಂಡಿದ್ದ ವಾಲ್ಪೋಲ್. ಆದರೆ ನೆಗೆತದಲ್ಲಿ ಎರಡನೆಯವನು ಯಾರು? ಕಾರ್ಯದರ್ಶಿ ರೆಲ್ಡ್ರೆಸಲ್, ಗಲಿವರನ ಮಿತ್ರ. ಮೇಲೆ ಹೇಳಿದ ಕಣ್ಣು ಕೀಳುವ ದಯೆ ತೋರಿದವನೂ ಅವನೇ. ಮೊದಲು ಖಜಾನೆಯವನು, ಅವನ ಬೆನ್ನಿಗೆ ಕಾರ್ಯದರ್ಶಿ: ಈ ಜೋಡಿಯನ್ನು ಸ್ವಿಫ್ಟ್ ತನ್ನ ಕಣ್ಣಾರೆ ಕಂಡದ್ದು ಎಲ್ಲಿ? ಶನಿವಾರದ ಮೇಜಿನ ಸುತ್ತ. ಕೋಲಿನಡಿ ನುಸುಳಿ ನೂಲಿನ ಎಳೆ ಗಳಿಸುವ ಆಸ್ಥಾನಿಕರನ್ನು ಬರೆಯುವಾಗ ಅರ್ಲ್ ಪದವಿ ತಪ್ಪಿತೆಂದು ಕುದಿಯುತ್ತಿದ್ದ ಬೋಲಿಂಗ್‌ಬ್ರೋಕನ ಮುಖ ಅವನ ನೆನಪಿಗೆ ಬಾರದೆ ಇದ್ದೀತೆ? ಅವನು ಬೇಕೆಂದೇ ಬರೆದನೆಂದು ನಾನು ಹೇಳುವುದಿಲ್ಲ. ಬಾಣ ಬಿಟ್ಟದ್ದು ಶತ್ರುವಿಗೆ, ಆದರೆ ಗುರಿಯ ಅಳತೆ ತೆಗೆದುಕೊಂಡದ್ದು ಮಿತ್ರರಿಂದ.

ಎರಡನೆಯ ಭಾಗದಲ್ಲಿ ಅನುಮಾನವೂ ಉಳಿಯುವುದಿಲ್ಲ. ಈ ಸಲ ಗಲಿವರನ ಹಡಗು ಹೊರಟದ್ದು ನಮ್ಮ ಸೂರತ್ತಿಗೆ. ಬಿರುಗಾಳಿಗೆ ಸಿಕ್ಕಿ ಅವನು ತಲುಪಿದ್ದು ದೈತ್ಯರ ನಾಡಾದ ಬ್ರಾಬ್ಡಿಂಗ್‌ನ್ಯಾಗಿಗೆ. ಹಿಂದೆ ದೈತ್ಯನಾಗಿದ್ದವನು ಈಗ ಅಂಗೈ ಮೇಲಿನ ಹುಳು. ಅಲ್ಲಿನ ರಾಜ ಅವನನ್ನು ಎದುರಿಗೆ ಕೂರಿಸಿಕೊಂಡು ಇಂಗ್ಲೆಂಡಿನ ರಾಜ್ಯಭಾರದ ವಿವರ ಕೇಳುತ್ತಾನೆ. ಗಲಿವರ್ ಹೆಮ್ಮೆಯಿಂದ ವರ್ಣಿಸುತ್ತಾನೆ, ಚರಿತ್ರೆ ಬರೆದ ಸ್ವಿಫ್ಟನಂತೆಯೇ. ಎಲ್ಲವನ್ನೂ ಕೇಳಿ ಮುಗಿಸಿ ರಾಜ ಪ್ರಶ್ನೆ ಹಾಕತೊಡಗುತ್ತಾನೆ. ಹೊಸ ಲಾರ್ಡುಗಳನ್ನು ಮಾಡುವಾಗ ಏನು ಯೋಗ್ಯತೆ ನೋಡುತ್ತೀರಿ? ದೊರೆಯ ಮರ್ಜಿಯೋ, ಆಸ್ಥಾನದ ಹೆಂಗಸಿಗೆ ಸಂದ ಹಣವೋ, ಇಲ್ಲ ದೇಶಹಿತಕ್ಕೆ ವಿರೋಧವಾದ ಒಂದು ಪಕ್ಷವನ್ನು ಬಲಪಡಿಸುವ ಹಂಚಿಕೆಯೋ?

ಈ ಪ್ರಶ್ನೆಯನ್ನು ಇಟ್ಟುಕೊಂಡು 1711ರ ಡಿಸೆಂಬರ್ ಕೊನೆಗೆ ಹಿಂದಿರುಗಿ ನೋಡಬೇಕು. ಲಾರ್ಡುಗಳ ಸಭೆಯಲ್ಲಿ ಶಾಂತಿಯ ವಿಷಯದಲ್ಲಿ ಮಂತ್ರಿಗಳು ಸೋತಿದ್ದರು. ಬಹುಮತ ಬೇಕಾಗಿತ್ತು. ಹಾರ್ಲಿ ರಾಣಿಯಿಂದ ಒಂದೇ ಸಲಕ್ಕೆ ಹನ್ನೆರಡು ಮಂದಿ ಹೊಸ ಲಾರ್ಡುಗಳನ್ನು ಮಾಡಿಸಿದ. ಅವರಲ್ಲೊಬ್ಬ ರಾಣಿಯ ಅಂತರಂಗದ ಗೆಳತಿ ಅಬಿಗ್ಯಲ್ ಮ್ಯಾಷಮಳ ಗಂಡ. ಆ ದಿನ ಸ್ವಿಫ್ಟ್ ಸ್ಟೆಲ್ಲಾಳಿಗೆ ಬರೆದ ಕಾಗದದಲ್ಲಿ ಸಂತೋಷ ಉಕ್ಕುತ್ತದೆ. ಇಷ್ಟು ಜನರನ್ನು ಒಮ್ಮೆಗೇ ಮಾಡಬೇಕಾಗಿ ಬಂದದ್ದು ವಿಚಿತ್ರವೂ ದುರದೃಷ್ಟಕರವೂ ಆದ ಅನಿವಾರ್ಯತೆ ಎಂಬ ಒಂದು ಮಾತೂ ಮೆಲ್ಲನೆ ಜೊತೆಗಿದೆ. ಮ್ಯಾಷಮ್ ದಂಪತಿಗಳು ಅವನ ಸ್ನೇಹಿತರು. ಹದಿನೈದು ವರ್ಷ ಕಳೆದ ಮೇಲೆ ಆ ಮೆಲ್ಲನೆಯ ಮಾತೇ ಬೆಳೆದು ದೈತ್ಯ ರಾಜನ ಬಾಯಲ್ಲಿ ಪ್ರಶ್ನೆಯಾಗಿದೆ. ದೊರೆಯ ಮರ್ಜಿ, ಆಸ್ಥಾನದ ಹೆಂಗಸು, ಪಕ್ಷದ ಬಲ: ಮೂರೂ ಎಳೆಗಳು ಸ್ವಿಫ್ಟ್ ಕುಣಿದಾಡಿದ ಆ ಒಂದೇ ಘಟನೆಗೆ ಬಂದು ಸೇರುತ್ತವೆ. ವಿಗ್ಗರು ಮಾಡಿದ್ದಲ್ಲ ಇದು. ತನ್ನವರು ಮಾಡಿದ್ದು. ವಿಮರ್ಶಕರು ಮೊದಲ ಭಾಗದ ಫ್ಲಿಮ್‌ನ್ಯಾಪನ ಮೇಲೆ ಹರಿಸಿದ ಶಾಯಿಯಲ್ಲಿ ಸ್ವಲ್ಪವನ್ನಾದರೂ ಈ ಪ್ರಶ್ನೆಗೆ ಉಳಿಸಿಕೊಳ್ಳಬೇಕಾಗಿತ್ತು.

ಮೂರನೆಯ ಭಾಗ ಕಲಾದೃಷ್ಟಿಯಿಂದ ಸಡಿಲ, ಅಲ್ಲಿಲ್ಲಿ ಅಂಟಿಸಿದಂತಿದೆ. (ಈ ಪ್ರಯಾಣದಲ್ಲಿ ಗಲಿವರ್ 1707ರ ಏಪ್ರಿಲಿನಲ್ಲಿ ಮದರಾಸಿನ ಫೋರ್ಟ್ ಸೇಂಟ್ ಜಾರ್ಜಿನಲ್ಲಿ ಮೂರು ವಾರ ತಂಗುತ್ತಾನೆ. ಚೆನ್ನೈಯ ಓದುಗರಿಗೆ ಇದೊಂದು ಮೋಜು. ಕೋಟೆಯ ಬಗ್ಗೆ ಮಾತ್ರ ಒಂದು ಅಕ್ಷರ ಹೇಳುವುದಿಲ್ಲ.) ಆದರೆ ಇದರಲ್ಲೇ ಮಾಂತ್ರಿಕರ ದ್ವೀಪ ಗ್ಲಬ್‌ಡಬ್‌ಡ್ರಿಬ್ ಬರುತ್ತದೆ. ಅಲ್ಲಿ ಸತ್ತವರನ್ನು ಕರೆಸಿ ಮಾತಾಡಬಹುದು, ಸತ್ತವರು ಸುಳ್ಳು ಹೇಳುವುದಿಲ್ಲ. ಗಲಿವರ್ ಹಿಂದಿನ ನೂರು ವರ್ಷಗಳ ಆಸ್ಥಾನಗಳ ದೊಡ್ಡವರನ್ನು ಕರೆಸಿ ವಿಚಾರಿಸಿದಾಗ ಚರಿತ್ರೆಯ ಮೇಲೇ ಅವನಿಗೆ ಹೇಸಿಗೆ ಹುಟ್ಟುತ್ತದೆ. ತಮ್ಮನ್ನು ಮಾರಿಕೊಂಡ ಲೇಖಕರು ಹೇಡಿಗಳನ್ನು ವೀರರೆಂದೂ ಮೂರ್ಖರನ್ನು ಮಂತ್ರಾಲೋಚನೆಯ ಧೀರರೆಂದೂ ಬರೆದು ಲೋಕವನ್ನು ಹೇಗೆ ದಾರಿ ತಪ್ಪಿಸಿದ್ದಾರೆ ಎಂಬುದು ಅವನಿಗೆ ಅಲ್ಲಿ ತಿಳಿಯುತ್ತದೆ. ಆಸ್ಥಾನದ ಒಳಗುಟ್ಟು ಬಲ್ಲೆವೆಂದು ರಹಸ್ಯಚರಿತ್ರೆ ಬರೆಯುವವರ ಅಜ್ಞಾನವೂ ಬಯಲಾಗುತ್ತದೆ. ಈ ಸಾಲುಗಳನ್ನು ಬರೆದವನ ಮೇಜಿನ ಖಾನೆಯಲ್ಲಿ ಆಗ ತನ್ನದೇ ಚರಿತ್ರೆಯ ಹಸ್ತಪ್ರತಿ ಇತ್ತು. ಅಷ್ಟಾದರೂ ಅದನ್ನವನು ಸುಡಲಿಲ್ಲ. 1737ರ ಸುಮಾರಿಗೆ, ಎಪ್ಪತ್ತರ ವಯಸ್ಸಿನಲ್ಲಿ, ಅಚ್ಚು ಹಾಕಿಸಲು ಹೊರಟೂ ಬಿಟ್ಟಿದ್ದ. ಹಾರ್ಲಿಯ ಮಗನೂ ಹಳೆಯ ಮಿತ್ರರೂ ಬೇಡವೆಂದು ತಡೆದರು. ಸ್ವಿಫ್ಟ್ 1745ರಲ್ಲಿ ತೀರಿಕೊಂಡ. ಚರಿತ್ರೆ ಬೆಳಕು ಕಂಡದ್ದು 1758ರಲ್ಲಿ. ಗಲಿವರನನ್ನು ಬರೆದ ಸ್ವಿಫ್ಟನೂ ಚರಿತ್ರೆಯನ್ನು ಕೈಬಿಡಲೊಲ್ಲದ ಸ್ವಿಫ್ಟನೂ ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ವಾಸವಾಗಿದ್ದರೆಂಬುದು ನನಗೆ ಈ ಎಲ್ಲದರಲ್ಲಿ ಅತ್ಯಂತ ಕುತೂಹಲದ ಸಂಗತಿ.

ಮನೆಯ ಮಕ್ಕಳಿಗೆ ಗಲಿವರನನ್ನು ಕೊಡಿಸುವವರು ಸಂಗ್ರಹದ ಜೊತೆಗೆ ಪೂರ್ಣಪಾಠವನ್ನೂ ತಂದು, ತಮಗಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಕೊಳ್ಳುವ ಮುನ್ನ ಆಸ್ಥಾನಿಕರು ನೂಲಿನ ಎಳೆ ಗೆಲ್ಲುವ ಪುಟ ತೆರೆದು ನೋಡಿ. ಎಳೆಗಳು ನೇರಳೆ, ಹಳದಿ, ಬಿಳಿಯಾಗಿದ್ದರೆ ಅದು ಲಂಡನ್ ಪ್ರಕಾಶಕ ಬೆಂಜಮಿನ್ ಮಾಟ್ 1726ರಲ್ಲಿ ಹೊರತಂದ ಪಾಠ. ಭಯದಿಂದ ಬದಲಾಯಿಸಿದ ಬಣ್ಣಗಳು ಅವು. ನೀಲಿ, ಕೆಂಪು, ಹಸಿರಾಗಿದ್ದರೆ 1735ರ ಡಬ್ಲಿನ್ ಆವೃತ್ತಿಯದು. ಆ ಮೂರೂ ಬ್ರಿಟನ್ನಿನ ಅತ್ಯುನ್ನತ ಬಿರುದುಗಳ ಪಟ್ಟಿಗಳ ನಿಜವಾದ ಬಣ್ಣ. ಅವುಗಳಲ್ಲಿ ಕೆಂಪನ್ನು 1725ರಲ್ಲಿ, ನೀಲಿಯನ್ನು 1726ರಲ್ಲಿ ವಾಲ್ಪೋಲ್ ಧರಿಸಿದ್ದ.